ಕೊಲೆಗಾರನ ಗುಣ ವಿಚಾರಿಸಿದ ಸುಗ್ಗಿ

ಕಳೆದ ತಿಂಗಳು ಕಂಪ್ಲಿಯಲ್ಲಿ ಗೆಳತಿಯ ಹೊಸ ಮನೆಯ ಗೃಹಪ್ರವೇಶದ ಊಟ ಮುಗಿಸಿ ಹೊಸಪೇಟೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಗಾಳಿ ತಿರುಗಿ ರೈಸ್ ಮಿಲ್ಲಿನ ಕಡೆಯಿಂದ ಬೇಯಿಸಿದ ಭತ್ತದ ವಾಸನೆ ಬಂತು. ಆ ಕಡೆಯವರಿಗೆ ಅದು ಹೊಸದೇನಲ್ಲ. ಅರೆಬೆಂದ ಅನ್ನ, ಹಸಿ ಹುಲ್ಲು, ಸುಟ್ಟ ಹೊಟ್ಟು, ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಬಿಚ್ಚಿದ ಹಾಗಿರುತ್ತದೆ. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಹಿಡಿಯಲಿಲ್ಲ. ಆ ವಾಸನೆಯೊಳಗೆ ನಾನು ಆರು ವಾರ ಓಡಾಡಿದ್ದೇನೆ, ಒಬ್ಬ ಮನುಷ್ಯನನ್ನು ನೇಣಿಗೆ ಹಾಕಬೇಕೋ ಬೇಡವೋ ಎಂದು ತಿಳಿಯಲಿಕ್ಕೆ ಊರೂರು ಕೇಳಿಕೊಂಡು.

ಆಗ ನಾನು ಹೊಸಪೇಟೆಯಲ್ಲಿ ಪ್ರೊಬೇಷನ್ ಅಧಿಕಾರಿ. ಅದೇನು ಕೆಲಸ ಎಂದು ನಮ್ಮವ್ವನಿಗೆ ಇಂದಿಗೂ ತಿಳಿದಿಲ್ಲ. ಯಾರಾದರೂ ಕೇಳಿದರೆ, ಕಳ್ಳರ ಮನೆಗೆ ಹೋಗಿ ಚಾ ಕುಡಿದು ಬರ್ತಾಳೆ ಎಂದು ಹೇಳಿ ಕೈತೊಳೆದುಕೊಳ್ಳುತ್ತಾಳೆ. ಪೂರ್ತಿ ಸುಳ್ಳೂ ಅಲ್ಲ. ಮೊದಲ ಸಲ ಸಣ್ಣ ತಪ್ಪು ಮಾಡಿ ಸಿಕ್ಕಿಬಿದ್ದವರ ಮನೆ, ಕೇರಿ, ನಡತೆ ವಿಚಾರಿಸಿ, ಇವನನ್ನು ಜೈಲಿಗೆ ಹಾಕದೆ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದೇ ಎಂದು ಕೋರ್ಟಿಗೆ ವರದಿ ಕೊಡುವುದು ನನ್ನ ಕೆಲಸ. ಮೋಟರ್‌ಸೈಕಲ್ ಕದ್ದವರು, ಕುಡಿದು ತಲೆ ಒಡೆದವರು, ಪಂಪ್‌ಸೆಟ್ಟಿನ ವೈರು ಕೊಯ್ದವರು. ಅಂಥವರ ಮನೆಗಳಲ್ಲಿ ಚಾ ಕುಡಿದು ಕುಡಿದೇ ನಾನು ಎಂಟು ವರ್ಷ ಸವೆಸಿದ್ದೆ.

ಆ ವರ್ಷ ದೀಪಾವಳಿ ಮುಗಿದ ವಾರ ಕೋರ್ಟಿನಿಂದ ಬಂದ ಲಕೋಟೆ ಬೇರೆಯದಾಗಿತ್ತು. ಆ ಕೇಸು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಮ್ಮಿಗನೂರಿನ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಹುಲುಗಪ್ಪ ಎಂಬವನು ಎಂಟು ವರ್ಷ ಬಾಯ್ಲರ್ ನೋಡಿಕೊಂಡಿದ್ದ. ಮಾಲೀಕರು, ಅವರ ಹೆಂಡತಿ ಮದುವೆಗೆಂದು ಹೊಸಪೇಟೆಗೆ ಹೋದ ಒಂದು ಮಧ್ಯಾಹ್ನ, ಮಿಲ್ಲಿನ ಹಿಂದಿನ ಮನೆ ಖಾಲಿಯಿದೆ ಎಂದು ತಿಳಿದು ಅಲ್ಮೇರಾದ ಬಂಗಾರಕ್ಕೆ ಕೈಹಾಕಿದ. ಮನೆ ಖಾಲಿ ಇರಲಿಲ್ಲ. ಮಾಲೀಕರ ತಾಯಿ ಇದ್ದರು, ಅವರ ಮೊಮ್ಮಗಳು ಆರು ವರ್ಷದ ಸಾನ್ವಿ ಇದ್ದಳು. ಇಬ್ಬರನ್ನೂ ಕೊಂದು, ಬಂಗಾರವನ್ನೂ ಅಲ್ಲೇ ಬಿಟ್ಟು ಓಡಿದ್ದ. ಮೂರು ವರ್ಷ ವಿಚಾರಣೆ ನಡೆದು ಅಪರಾಧ ಸಾಬೀತಾಗಿತ್ತು. ಉಳಿದದ್ದು ಒಂದೇ, ಗಲ್ಲೋ ಜೀವಾವಧಿಯೋ. ಅದನ್ನು ತೀರ್ಮಾನಿಸುವ ಮೊದಲು ಈ ಮನುಷ್ಯನ ಇಡೀ ಬದುಕು ತನ್ನ ಮುಂದೆ ಬರಬೇಕು, ಹುಟ್ಟು, ಓದು, ದುಡಿಮೆ, ಸ್ವಭಾವ, ಸುಧಾರಿಸುವ ಸಾಧ್ಯತೆ ಎಲ್ಲ ತಿಳಿಯಬೇಕು ಎಂದು ನ್ಯಾಯಾಧೀಶರು ಆದೇಶ ಮಾಡಿದ್ದರು. ನನಗೆ ಕೊಟ್ಟದ್ದು ಆರು ವಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಗಲ್ಲಿನ ಪರ ಇದ್ದವಳು. ಕಾಲೇಜಿನಲ್ಲಿದ್ದಾಗ ಎಲ್ಲೋ ದೂರದ ಊರಲ್ಲಿ ನಡೆದ ಘೋರಕ್ಕೆ ನಾವು ಮೇಣದಬತ್ತಿ ಹಿಡಿದು ಮೆರವಣಿಗೆ ಮಾಡಿದಾಗ, ಗಲ್ಲಿಗೇರಿಸಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿ ಎರಡು ದಿನ ಗಂಟಲು ಕಟ್ಟಿಸಿಕೊಂಡಿದ್ದೆ. ಲಕೋಟೆ ನೋಡಿದ ನಮ್ಮವ್ವ ಕೂಡ, ಕೆಟ್ಟವ, ನೇಣಿಗೆ ಹಾಕ್ರಿ ಅಂತ ಎರಡು ಸಾಲು ಬರೆದು ಕೊಟ್ಟು ಬಾ, ಅದಕ್ಕೆ ಆರು ವಾರ ಯಾಕೆ ಎಂದಳು. ಆದರೆ ನನಗೆ ಹುಟ್ಟಿನಿಂದ ಒಂದು ಚಟವಿದೆ. ಮುಚ್ಚಿದ ಡಬ್ಬಿ ಕಂಡರೆ ತೆಗೆದು ನೋಡಬೇಕು. ಒಬ್ಬ ಮನುಷ್ಯನ ಬಗ್ಗೆ ಏನು ತಿಳಿದರೆ ಅವನನ್ನು ಬದುಕಲು ಬಿಡಬಹುದು, ಏನು ತಿಳಿದರೆ ಬಿಡಬಾರದು? ಈ ಪ್ರಶ್ನೆ ಹತ್ತಿಕೊಂಡ ಮೇಲೆ ನನ್ನ ಅಭಿಪ್ರಾಯವನ್ನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಎಮ್ಮಿಗನೂರಿನಲ್ಲಿ ಭತ್ತದ ಕಟಾವು ನಡೆದಿತ್ತು. ಡಾಂಬರು ರಸ್ತೆಯ ಅರ್ಧಕ್ಕೆ ಭತ್ತ ಹರವಿ ಕಲ್ಲು ಇಟ್ಟಿದ್ದರು. ಬಸ್ಸು ಉಳಿದರ್ಧದಲ್ಲಿ ಹಾವಿನ ಹಾಗೆ ಹೊರಳುತ್ತ ಹೋಗಬೇಕು. ಎದುರಿಗೆ ಕಟಾವು ಯಂತ್ರ ಬಂದರೆ ಮುಗಿಯಿತು, ಎರಡೂ ಕಡೆಯವರು ಇಳಿದು ವಾದ ಮಾಡಿ, ಒಬ್ಬರಿಗೊಬ್ಬರು ಬೀಗರೆಂದು ಗೊತ್ತಾಗಿ, ಚಾ ಕುಡಿದು, ಆಮೇಲೆ ದಾರಿ ಬಿಡುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಹೊರಟವಳು ಹನ್ನೆರಡೂವರೆಗೆ ಊರು ಮುಟ್ಟುತ್ತಿದ್ದೆ.

ನನ್ನ ನಮೂನೆಯಲ್ಲಿ ನೆರೆಹೊರೆಯವರ ಅಭಿಪ್ರಾಯ ಎಂಬ ಕಾಲಂ ಇತ್ತು. ಮೂರು ದಿನದಲ್ಲಿ ಹದಿನೇಳು ಜನರನ್ನು ಕೇಳಿದೆ. ಹದಿನೇಳೂ ಜನ ಹುಲುಗಪ್ಪನನ್ನು ಹೊಗಳಿದರು. ಬೀಡಿ ಮುಟ್ಟಿದವನಲ್ಲ, ಹೆಣ್ಣುಮಕ್ಕಳು ಎದುರು ಬಂದರೆ ತಲೆ ಎತ್ತಿದವನಲ್ಲ, ದುಡಿಮೆಗಾರ, ದೇವರಂಥವ. ಚಾ ಅಂಗಡಿಯವನಂತೂ ಇಂಥ ಹುಡುಗ ಲಕ್ಷಕ್ಕೊಬ್ಬ ಎಂದ. ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ನನಗೇ ಅನುಮಾನ ಬಂತು. ಇದೇ ಜನ ಕೊಲೆಯಾದ ವಾರ ಕಲ್ಲು ಹಿಡಿದು ಹೋಗಿ ಅವನ ಮನೆಯ ತಗಡು ಮುರಿದಿದ್ದರೆಂದು ಪೊಲೀಸರ ಕಾಗದದಲ್ಲಿತ್ತು. ಮುರಿದ ತಗಡನ್ನು ನಾನೇ ನೋಡಿ ಬಂದಿದ್ದೆ. ಹಾಗಾದರೆ ಅವನಿಗೆ ಗಲ್ಲು ಬೇಡವೇ ಎಂದು ಚಾ ಅಂಗಡಿಯವನನ್ನು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಗಲ್ಲಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ ಎಂದು ಗಲಾಸು ತೊಳೆಯತೊಡಗಿದ.

ಗಂಟು ಬಿಡಿಸಿದವರು ಊರಿನ ನಿವೃತ್ತ ಹೆಡ್‌ಮಾಸ್ತರು. ಹುಲುಗಪ್ಪನಿಗೆ ಏಳನೆಯವರೆಗೆ ಕಲಿಸಿದವರು. ನನ್ನ ಹದಿನೇಳು ಹೊಗಳಿಕೆಗಳನ್ನು ಓದಿ ಕನ್ನಡಕ ತೆಗೆದಿಟ್ಟು ನಕ್ಕರು.

"ಮೇಡಂ, ನಮ್ಮೂರಿಗೆ ಫೈಲ್ ಹಿಡಕೊಂಡು ಒಬ್ಬರ ಗುಣ ಕೇಳಾಕ ಬರೋರು ಎರಡ ತರಾ. ಹೆಣ್ಣು ಕೊಡೋರು, ಇಲ್ಲಾ ನೌಕರಿ ಕೊಡೋರು. ಇಬ್ಬರ ಮುಂದೂ ಚಲೋನ ಅನಬೇಕು, ಕಲ್ಲು ಹಾಕಬಾರದು. ಬಾಯಿಗೆ ಅದು ರೂಢಿ ಆಗಿಬಿಟ್ಟೈತಿ. ನೀವು ಮೂರನೇ ತರಾ ಬಂದೀರಿ, ಜನಕ್ಕ ಅದು ತಿಳಿವಲ್ದು."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬುದನ್ನು ಕೇಳಿದ್ದೆ. ಈ ಜನ ಅದೇ ಒಳ್ಳೆಯ ಮನಸ್ಸಿನಿಂದ ಕೊಲೆಗಾರನನ್ನೂ ಮದುವೆಯ ಗಂಡಿನಂತೆ ನನ್ನ ಮುಂದೆ ಕೂರಿಸಿದ್ದರು. ಹಾಗಾದರೆ ನೀವು ನಿಜ ಹೇಳಿ ಎಂದು ಮಾಸ್ತರರನ್ನು ಕೇಳಿದರೆ ಅವರೂ ಜಾರಿಕೊಂಡರು. ಗಣಿತದಲ್ಲಿ ಸಾಧಾರಣ ಎಂದಷ್ಟೇ ಹೇಳಿ ಒಳಗೆ ಹೋದರು.

ಬಂಡ್ರಿಯಲ್ಲಿ ಅವನ ಅಕ್ಕ ಇದ್ದಳು, ಗಂಡ ಗಣಿಯಲ್ಲಿ ಕೂಲಿ. ಸಂಡೂರು ದಾಟಿ ಹೋಗಿ ಮನೆ ಹುಡುಕುವ ಹೊತ್ತಿಗೆ ನನ್ನ ಬಿಳಿ ಚೂಡಿದಾರ ಅದಿರಿನ ಧೂಳಿಗೆ ಅಂಚಿನವರೆಗೆ ಕೆಂಪಾಗಿತ್ತು. ಹಗ್ಗದ ಮೇಲಿನ ಬಟ್ಟೆ ಝಾಡಿಸುತ್ತಿದ್ದವಳು ನಾನು ಯಾರೆಂದು ತಿಳಿದ ಕೂಡಲೇ, ನನಗೆ ತಮ್ಮನೇ ಇಲ್ಲ ಎಂದು ಬಾಗಿಲು ಹಾಕಿದಳು. ನಾನು ಓಣಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಓಡಿ ಬಂದಳು. "ಅವ್ವನ್ನ ಕೇಳ್ರಿ. ನಾವೆಲ್ಲ ಒಂದಕ್ಕ ಎರಡು ಹೇಳ್ತೀವಿ. ಆಕಿಗೆ ಸುಳ್ಳು ಬರಂಗಿಲ್ಲ" ಎಂದಳು. ಅವ್ವ ಎಲ್ಲಿದ್ದಾಳೆ ಎಂದರೆ, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ ಎಂದಳು. ನನ್ನ ಮನೆ ಇರುವುದೂ ಚಿತ್ತವಾಡ್ಗಿಯಲ್ಲೇ. ಆ ಖಾನಾವಳಿಯ ರೊಟ್ಟಿಯನ್ನು ನಾವು ಎಷ್ಟೋ ಸಲ ಕಟ್ಟಿಸಿಕೊಂಡು ಬಂದು ತಿಂದಿದ್ದೆವು.

ತಾಯಿಯ ಹತ್ತಿರ ಹೋಗುವ ಮೊದಲು ಜೈಲಿಗೆ ಹೋಗಿ ಹುಲುಗಪ್ಪನನ್ನು ನೋಡಿದೆ. ಏನು ನಿರೀಕ್ಷಿಸಿದ್ದೆನೋ ಗೊತ್ತಿಲ್ಲ, ನನ್ನ ಮುಂದೆ ಕೂತವನು ಮೂವತ್ತೆರಡರ, ಮುಂದಿನ ಕೂದಲು ಉದುರತೊಡಗಿದ್ದ, ಕೈ ಎಲ್ಲಿಡಬೇಕೆಂದು ತಿಳಿಯದ ಒಬ್ಬ ಮನುಷ್ಯ. ಈ ವರ್ಷ ಸೋನಾಮಸೂರಿ ಹೇಗೆ ಬಂದಿದೆ ಎಂದು ಅವನೇ ಮೊದಲು ಕೇಳಿದ. ಚೆನ್ನಾಗಿ ಬಂದಿದೆ ಎಂದೆ. ಯಾಕೆ ಮಾಡಿದೆ ಎಂದದ್ದಕ್ಕೆ, ಅದನ್ನು ತಾನೂ ದಿನಾ ಕೇಳಿಕೊಳ್ಳುತ್ತೇನೆ ಎಂದ. ನನ್ನ ನಮೂನೆಯಲ್ಲಿ ಇಲ್ಲದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಗಲ್ಲಿನ ಪರ ಮಾತಾಡುವವರೆಲ್ಲ, ನಾನೂ ಸೇರಿ, ಭಯ ಇರಬೇಕು, ಭಯವಿದ್ದರೆ ಇಂಥದ್ದಕ್ಕೆ ಕೈಹಾಕುವುದಿಲ್ಲ ಎನ್ನುತ್ತೇವೆ. ಇವನನ್ನೇ ಕೇಳಿಬಿಡೋಣ ಎನಿಸಿತು. ಇಂಥದ್ದು ಮಾಡಿದರೆ ಗಲ್ಲಾಗುತ್ತದೆ ಎಂದು ನಿನಗೆ ಗೊತ್ತಿರಲಿಲ್ಲವೇ ಎಂದೆ.

"ಗೊತ್ತಿತ್ತು ರೀ. ಟಿವಿಯಾಗ ನೋಡಿದ್ದೆ. ಆದರ ಅವತ್ತು ಅದು ನೆನಪಿಗೆ ಬರಲಿಲ್ಲ." ಕೈಗಳನ್ನು ತೊಡೆಯ ಕೆಳಗೆ ಸೇರಿಸಿದ. "ಓಡಿ ಹೋಗಬೇಕಾದ್ರ, ಬಾಯ್ಲರ್ ಬೆಂಕಿ ಹೊರಗ ಎಳದು ಆರಿಸಿದೆನೋ ಇಲ್ಲೋ ಅನ್ನೋದು ನೆನಪಿಗೆ ಬಂತು. ಕಾಲುವೆ ದಾಟೂತನಕ ಅದೊಂದ."

ನಾನು ಅದನ್ನು ಬರೆದುಕೊಳ್ಳಲಿಲ್ಲ, ಬರೆಯಲು ಕಾಲಂ ಇರಲಿಲ್ಲ. ಆದರೆ ಇವತ್ತಿಗೂ ಮರೆತಿಲ್ಲ. ಆ ಭಾನುವಾರ ಬೆಂಗಳೂರಿನಿಂದ ಬಂದ ನಮ್ಮ ಚಿಕ್ಕಮ್ಮಂದಿರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನನ್ನ ದೊಡ್ಡಪ್ಪನ ಮಗ ಗೈಡ್. ಗಜಶಾಲೆಯ ಮುಂದೆ ನಿಂತು, ಹಿಂದೆ ಘೋರ ಅಪರಾಧ ಮಾಡಿದವರನ್ನು ಆನೆಯ ಕಾಲಿಗೆ ಹಾಕುತ್ತಿದ್ದರಂತೆ ಎಂದು ರಂಗಾಗಿ ಹೇಳುತ್ತಿದ್ದ. ಅಂಥ ಶಿಕ್ಷೆ ಇದ್ದದ್ದಕ್ಕೇ ಆಗಿನ ಕಾಲ ಚೆನ್ನಾಗಿತ್ತು ಎಂದು ಚಿಕ್ಕಮ್ಮ ನಿಟ್ಟುಸಿರು ಬಿಟ್ಟಳು. ಅವನು ಹನ್ನೊಂದು ಕಮಾನುಗಳನ್ನು ತೋರಿಸಿ, "ಕಳ್ಳತನ ನಿಂತಿದ್ರ ಇಷ್ಟು ಆನಿ ಯಾಕ ಸಾಕ್ತಿದ್ರು ಚಿಗವ್ವ?" ಎಂದ. ಆನೆ ಸಾಕಿದ್ದು ಯುದ್ಧಕ್ಕೆ ಎಂದು ಅವನಿಗೂ ಗೊತ್ತು. ಎಲ್ಲರ ಜೊತೆ ನಾನೂ ನಕ್ಕೆ, ಆದರೆ ಕಾಲುವೆ ದಾಟುತ್ತ ಬಾಯ್ಲರ್ ಬಗ್ಗೆ ಯೋಚಿಸುತ್ತಿದ್ದವನು ಕಣ್ಣ ಮುಂದೆ ಬಂದು ನಗು ನಿಂತುಹೋಯಿತು.

ಮರುದಿನ ಖಾನಾವಳಿಗೆ ಹೋದೆ. ಹುಲುಗಪ್ಪನ ತಾಯಿ ಗಂಗಮ್ಮ ಹಿತ್ತಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಎಡಗೈಯಲ್ಲಿ. ಊರು ಬಿಟ್ಟು ಬಂದು ಮೂರು ವರ್ಷವಾಗಿತ್ತು. ಚೀಲ ಹಾಸಿ ಕುಂದ್ರವ್ವ ಎಂದಳು. ನಿನ್ನ ಮಗ ಸಣ್ಣವನಿದ್ದಾಗಿನಿಂದ ಹೇಗಿದ್ದ, ಎಲ್ಲ ತಿಳಿದುಕೊಂಡು ಬಾ ಎಂದು ಕೋರ್ಟು ನನ್ನನ್ನು ಕಳಿಸಿದೆ ಎಂದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಕೇಳಿದ್ದು ಒಂದೇ. ಎಲ್ಲ ಎಂದರೆ ಕೆಟ್ಟದ್ದೂ ಹೇಳಬೇಕೇ ಎಂದಳು. ಎಲ್ಲ ಎಂದೆ.

ಅವಳು ಹೇಳಿದಳು. ಹನ್ನೆರಡು ವರ್ಷದವನಿದ್ದಾಗ ಹಾಲು ಕೊಡದೆ ಒದ್ದ ಎಮ್ಮೆಯ ಕಣ್ಣು ಹೋಗುವ ಹಾಗೆ ಕಲ್ಲು ಎಸೆದಿದ್ದ. ಹದಿನೆಂಟರಲ್ಲಿ, ತಂದೆಯನ್ನು ಬೈದವನೊಬ್ಬನ ಬಣವೆಗೆ ಬೆಂಕಿ ಇಟ್ಟಿದ್ದ, ಯಾರೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದು ತಾಯಿಯನ್ನೇ ಒನಕೆಯಿಂದ ಹೊಡೆದಿದ್ದ. ಅಂದಿನಿಂದ ಅವಳ ಬಲಗೈ ಭುಜದ ಮೇಲೆ ಏಳುವುದಿಲ್ಲ. ಪ್ರತಿ ಸಲವೂ ಆಮೇಲೆ ಎರಡು ದಿನ ಉಣ್ಣದೆ ಮೂಲೆಯಲ್ಲಿ ಕೂತು ಅಳುತ್ತಿದ್ದನಂತೆ. ಸಿಟ್ಟು ಬಂದಾಗ ಅವನ ಕಣ್ಣು ಬೇರೆಯಾಗುತ್ತಿತ್ತು, ತನಗೆ ಆ ಕಣ್ಣು ಗೊತ್ತು ಎಂದಳು.

ಅಲ್ಲಿ ನಾನು ಪೆನ್ನು ಕೆಳಗಿಡಬೇಕಿತ್ತು. ಅಮ್ಮ, ಇದೆಲ್ಲ ನ್ಯಾಯಾಧೀಶರ ಮುಂದೆ ಹೋಗುತ್ತದೆ, ಇದರಿಂದ ನಿನ್ನ ಮಗನ ಜೀವಕ್ಕೆ ಅಪಾಯವಿದೆ, ಹೇಳದೆ ಇರುವ ಹಕ್ಕು ನಿನಗಿದೆ ಎಂದು ತಿಳಿಸಬೇಕಿತ್ತು. ತಿಳಿಸಲಿಲ್ಲ. ಹದಿನೇಳು ಸುಳ್ಳುಗಳ ಮೇಲೆ ಮೊದಲ ಸಲ ನಿಜ ಕೇಳುತ್ತಿದ್ದೆ, ಡಬ್ಬಿಯ ಮುಚ್ಚಳ ತೆರೆದಿತ್ತು, ಮುಂದೇನು ಎಂಬ ಆಸೆ ತಡೆಯಲಾಗಲಿಲ್ಲ. ಆಮೇಲೆ, ಆಮೇಲೆ ಎನ್ನುತ್ತ ಪುಟ ತಿರುಗಿಸಿದೆ. ನಾಚಿಕೆಯ ಮಾತು, ಆದರೂ ನಡೆದದ್ದು ಹೀಗೆ.

ಏಳುವಾಗ ಯಾಕೆ ಇದನ್ನೆಲ್ಲ ಹೇಳಿದೆ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಡಾಕ್ಟ್ರ ಮುಂದ ಜಡ್ಡು ಮುಚ್ಚಿಟ್ರ ಔಷಧ ತಪ್ಪತೈತಿ ಹೌದಿಲ್ಲೋ? ನಾನು ತಾಯಿ, ನನಗ ಆ ಸಿಟ್ಟು ವಾಸಿ ಮಾಡಾಕ ಆಗಲಿಲ್ಲ. ಕೋರ್ಟಿನವರು ದೊಡ್ಡವರು. ಬೇರು ಗೊತ್ತಾದ್ರ ಏನರ ಕೊಡ್ತಾರ. ನೀನು ಒಂದೂ ಬಿಡದಂಗ ಬರಿ ನನ್ನವ್ವ."

ಸಂತ್ರಸ್ತರ ಮನೆಯವರನ್ನು ಭೇಟಿಯಾಗಲೇಬೇಕೆಂದು ನನ್ನ ಆದೇಶದಲ್ಲಿರಲಿಲ್ಲ. ಆದರೂ ಮಿಲ್ಲಿಗೆ ಹೋದೆ. ಮಾಲೀಕರ ಹೆಸರು ವೀರೇಶಪ್ಪ, ನಲವತ್ತರ ಆಸುಪಾಸು, ಹಣೆಗೆ ತೆಳುವಾದ ವಿಭೂತಿ. ಹೆಂಡತಿ ನಿರ್ಮಲಾ ಆ ಮನೆಯಲ್ಲಿ ಇರಲಾರದೆ ಸಂಡೂರಿನ ತವರಿನಲ್ಲಿದ್ದರು, ಹಬ್ಬ ಹುಣ್ಣಿಮೆಗೆ ಬಂದು ಹೋಗುತ್ತಿದ್ದರು. ನಾನು ಬಂದ ಕಾರಣ ಹೇಳಿದ ಕೂಡಲೇ ವೀರೇಶಪ್ಪ, ಗಲ್ಲು, ಅದನ್ನು ಮೊದಲು ಬರೆದುಕೊಳ್ಳಿ ಎಂದರು. ಬರೆದುಕೊಂಡೆ. ಎಂಟು ವರ್ಷ ಅವನನ್ನು ಮನೆಯ ಮಗನ ಹಾಗೆ ನೋಡಿಕೊಂಡೆವು, ಮೂರು ಹೊತ್ತೂ ಇಲ್ಲೇ ಊಟ ಎಂದರು. ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಧೂಳು ಹಿಡಿದು ಕೂತಿದ್ದವು. ಯಾರದು ಎಂದು ಕೇಳಿದೆ. ಅವನದು ಎಂದರು. ಮನೆಯ ಮಗನ ತಟ್ಟೆ ಹಿತ್ತಲಲ್ಲಿ ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಆ ಕಡೆ ಮತ್ತೆ ನೋಡಲಿಲ್ಲ. ವರದಿಯಲ್ಲಿ ಮಾತ್ರ ಅದನ್ನು ಕಂಡ ಹಾಗೆ ಬರೆದೆ. ಅದು ಕೊಲೆಗೆ ಕಾರಣ ಎಂದಲ್ಲ, ಅವನ ಬದುಕಿನಲ್ಲಿ ಅದೂ ಇತ್ತು ಎಂದು.

ಅವನ ಬಗ್ಗೆ ಬೇರೇನಾದರೂ ಹೇಳುವುದಿದೆಯೇ ಎಂದು ಅಭ್ಯಾಸಬಲದಿಂದ ಕೇಳಿ ಪುಸ್ತಕ ಮುಚ್ಚುತ್ತಿದ್ದೆ. ವೀರೇಶಪ್ಪ ಹೊಟ್ಟಿನ ರಾಶಿಯ ಕಡೆ ತಿರುಗಿದರು. ಆಮೇಲೆ ನಿಧಾನವಾಗಿ ಹೇಳಿದರು. ಸಾನ್ವಿಗೆ ನಾಲ್ಕು ವರ್ಷವಿದ್ದಾಗ, ಇಂಥದೇ ಸುಗ್ಗಿಯಲ್ಲಿ, ಹೊಟ್ಟಿನ ರಾಶಿಯ ಹತ್ತಿರ ಆಡುವಾಗ ಹಾವು ಕಚ್ಚಿತ್ತು. ಇವರು ಊರಲ್ಲಿರಲಿಲ್ಲ. ರಸ್ತೆಯಲ್ಲಿ ಕಟಾವು ಯಂತ್ರ ಸಿಕ್ಕಿಬಿದ್ದು ವಾಹನಗಳೆಲ್ಲ ನಿಂತಿದ್ದವು. ಹುಲುಗಪ್ಪ ಮಗುವನ್ನು ಹೆಗಲಿಗೆ ಹಾಕಿಕೊಂಡು, ಕುಯ್ದ ಗದ್ದೆಗಳಲ್ಲಿ ಬರಿಗಾಲಲ್ಲಿ ಓಡಿ, ಆಚೆ ಬದಿಯ ರಸ್ತೆಗೆ ಅಡ್ಡ ನಿಂತು ಲಾರಿ ನಿಲ್ಲಿಸಿ ಕಂಪ್ಲಿಯ ಆಸ್ಪತ್ರೆ ಮುಟ್ಟಿಸಿದ್ದ. ಮಗು ನಿದ್ದೆ ಹೋಗಬಾರದೆಂದು ದಾರಿಯುದ್ದಕ್ಕೂ ಅವಳಿಂದ ಒಂದು, ಎರಡು, ಮೂರು ಎಂದು ಎಣಿಕೆ ಮಾಡಿಸಿದನಂತೆ. ಇಪ್ಪತ್ತರ ಮೇಲೆ ಅವಳಿಗೆ ಬರುತ್ತಿರಲಿಲ್ಲ, ಮತ್ತೆ ಒಂದರಿಂದ ಶುರು. ಇದನ್ನು ಸಾನ್ವಿಯೇ ಆಮೇಲೆ ಅಪ್ಪನಿಗೆ ಹೇಳಿ ನಗುತ್ತಿದ್ದಳಂತೆ.

ಇದನ್ನು ಬರೆದರೆ ಅವನಿಗೆ ಅನುಕೂಲವಾಗಬಹುದು, ಬೇಕಾದರೆ ನೀವು ಹೇಳಿಲ್ಲ ಎಂದುಕೊಂಡು ಬಿಟ್ಟುಬಿಡುತ್ತೇನೆ ಎಂದೆ. ಹೇಳಿದ ಮೇಲೆ ನನಗೇ ಚುರುಕ್ ಎಂದಿತು. ಮಿಲ್ಲಿನ ಮಾಲೀಕರಿಗೆ ಎಚ್ಚರಿಕೆ ಕೊಡುವ ಬುದ್ಧಿ, ಖಾನಾವಳಿಯ ಹೆಂಗಸಿನ ಮುಂದೆ ಯಾಕೆ ಬಂದಿರ‍ಲಿಲ್ಲ?

"ಬರಕೊಳ್ರಿ," ಎಂದರು ವೀರೇಶಪ್ಪ. "ಅದೂ ಖರೇ, ಇದೂ ಖರೇ. ಆದರ ಗಲ್ಲಾಗಬೇಕ್ರಿ."

ಹೀಗೆ ನನ್ನ ವರದಿ ತಯಾರಾಯಿತು. ಇಡೀ ಊರು ಹೇಳಿದ್ದೆಲ್ಲ ಬರೀ ಹೊಟ್ಟು, ಸಿಕ್ಕ ಕಾಳು ಎರಡೇ. ಕೆಟ್ಟದ್ದನ್ನು ಹೇಳಿದ್ದು ಹೆತ್ತ ತಾಯಿ, ಒಳ್ಳೆಯದನ್ನು ಹೇಳಿದ್ದು ಮಗಳನ್ನು ಕಳೆದುಕೊಂಡ ತಂದೆ. ಟೈಪು ಮಾಡುವ ಮುನ್ನ ನಾಲ್ಕು ದಿನ ಒದ್ದಾಡಿದೆ. ಗಂಗಮ್ಮನ ಮಾತು ತೆಗೆದುಬಿಡಲೇ? ತೆಗೆದರೆ ಅವಳ ಮಗ ಉಳಿಯಬಹುದು, ಆದರೆ ನನ್ನ ವರದಿಯೂ ಚಾ ಅಂಗಡಿಯವನ ಮಾತಿನ ಹಾಗಾಗುತ್ತದೆ. ಎರಡನ್ನೂ ತೆಗೆಯಲೇ? ಕೊನೆಗೆ ಎಲ್ಲವನ್ನೂ ಇದ್ದ ಹಾಗೆ ಬರೆದು ಸಹಿ ಹಾಕಿದೆ. ಧೈರ್ಯದಿಂದ ಮಾಡಿದೆ ಎನ್ನಲಾರೆ. ಯಾವುದು ಮನುಷ್ಯನನ್ನು ಉಳಿಸುತ್ತದೆ, ಯಾವುದು ಕೊಲ್ಲುತ್ತದೆ ಎಂದು ಆರಿಸುವ ಕೈ ನನ್ನದಾಗಬಾರದು ಎಂಬ ಹೆದರಿಕೆಯಿಂದ ಮಾಡಿದೆ.

ಸಂಕ್ರಾಂತಿಗೆ ಮೊದಲು ಶಿಕ್ಷೆಯ ಪ್ರಮಾಣದ ಮೇಲೆ ವಾದ ನಡೆಯಿತು. ಸರ್ಕಾರಿ ವಕೀಲರು ಎದ್ದು ಗಂಗಮ್ಮನ ಮಾತುಗಳನ್ನೇ ಓದಿದರು. ಎಮ್ಮೆಯ ಕಣ್ಣು, ಬಣವೆಯ ಬೆಂಕಿ, ಒನಕೆ. ಹೆತ್ತವಳೇ ಹೀಗೆ ಹೇಳುವ ಮನುಷ್ಯ ಸುಧಾರಿಸುತ್ತಾನೆಂದು ಯಾರು ನಂಬುತ್ತಾರೆ ಎಂದರು. ಗಂಗಮ್ಮ ಹಿಂದಿನ ಬೆಂಚಿನ ತುದಿಯಲ್ಲಿದ್ದಳು. ಮೊದಲು ತನ್ನ ಮಾತು ಅಲ್ಲಿಯವರೆಗೆ ಮುಟ್ಟಿದೆಯೆಂದು ಸಮಾಧಾನದಿಂದ ತಲೆಯಾಡಿಸುತ್ತ ಕೇಳಿದಳು. ವಕೀಲರು ನೇಣು ಎಂಬ ಮಾತು ಎತ್ತಿದಾಗ ಅವಳ ತಲೆ ನಿಂತಿತು. ಕಟಕಟೆಯಲ್ಲಿದ್ದ ಹುಲುಗಪ್ಪ ಮಾತ್ರ ಅವಳನ್ನು ನೋಡಿ, ಏನೂ ಆಗಿಲ್ಲ ಎನ್ನುವ ಹಾಗೆ ಕೈಸನ್ನೆ ಮಾಡಿದ.

ಹೊರಗೆ ಬಂದಾಗ ಅವಳು ಬೇವಿನ ಮರದ ಕೆಳಗೆ ನಿಂತಿದ್ದಳು. ಬೈಯಲಿ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನನ್ನ ಮುಖವನ್ನೇ ನೋಡಿ, "ನೀನು ಡಾಕ್ಟ್ರಮ್ಮನ ಹಂಗ ಅಂತ ತಿಳಕೊಂಡಿದ್ದೆನವ್ವ" ಎಂದಷ್ಟೇ ಹೇಳಿದಳು. ನಾನು ಆಮೇಲೆ ಆ ಖಾನಾವಳಿಯ ಕಡೆ ಹೋಗಿಲ್ಲ.

ಹತ್ತು ದಿನದ ಮೇಲೆ ಶಿಕ್ಷೆ ಪ್ರಕಟವಾಯಿತು. ಜೀವಾವಧಿ. ಅಪರಾಧ ಘೋರವಾದದ್ದೇ, ಆದರೆ ಈ ಮನುಷ್ಯನಲ್ಲಿ ಮನುಷ್ಯತ್ವ ಪೂರ್ತಿ ಸತ್ತಿದೆ ಎನ್ನಲಾಗದು, ಸ್ವತಃ ಮಗುವಿನ ತಂದೆಯ ಹೇಳಿಕೆಯೇ ಅದಕ್ಕೆ ಸಾಕ್ಷಿ ಎಂದು ತೀರ್ಪಿನಲ್ಲಿ ಬರೆದಿದ್ದರು. ನಮ್ಮವ್ವ ಅಂದು ನನ್ನ ಜೊತೆ ಮಾತಾಡಲಿಲ್ಲ. ಚಾ ಅಂಗಡಿಯವನು ಏನೆಂದನೋ ತಿಳಿಯದು. ಗಲ್ಲಾಗಿದ್ದರೆ ನ್ಯಾಯವಾಗುತ್ತಿತ್ತೇ ಎಂದು ಈಗಲೂ ನನ್ನನ್ನು ಕೆಲವರು ಕೇಳುತ್ತಾರೆ. ಆ ಸುಗ್ಗಿಗೆ ಮೊದಲು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಈಗ ಯಾರಿಗೆ, ಯಾವುದರಿಂದ, ಎಷ್ಟು ಎಂದು ತಿರುಗಿ ಕೇಳುತ್ತೇನೆ, ಅವರು ಬೇಸರಪಟ್ಟು ಮಾತು ಬದಲಿಸುತ್ತಾರೆ.

ಆ ವಾರವೇ ವೀರೇಶಪ್ಪ ನನ್ನ ಕಚೇರಿಗೆ ಬಂದರು. ಅಷ್ಟೇ ತೆಳುವಾದ ವಿಭೂತಿ, ಇಸ್ತ್ರಿಯಿಲ್ಲದ ಅಂಗಿ. ತೀರ್ಪಿನಲ್ಲಿ ತಮ್ಮ ಮಾತು ಇರುವ ಜಾಗ ಓದಿ ಹೇಳಿ ಎಂದರು. ಓದಿದೆ. ಇನ್ನೊಮ್ಮೆ ಓದಿಸಿದರು. ಈ ಮಾತು ಇಲ್ಲದಿದ್ದರೆ ಗಲ್ಲಾಗುತ್ತಿತ್ತೇ ಎಂದು ಕೇಳಿದರು. ಆಗಲೂಬಹುದಿತ್ತು ಎಂದೆ. ಸುಳ್ಳು ಹೇಳಲಾಗಲಿಲ್ಲ.

ನಿರ್ಮಲಾ ಸಂಡೂರಿನಿಂದ ಫೋನು ಮಾಡಿದ್ದರಂತೆ. ಮಗಳನ್ನು ಕೊಂದವನ ಪರ ಸಾಕ್ಷಿ ಹೇಳಿದ್ದು ನೀವೇನಾ ಎಂದು ಕೇಳಿ, ಉತ್ತರಕ್ಕೂ ಕಾಯದೆ, ಇನ್ನು ಆ ಮನೆಗೆ ಕಾಲಿಡುವುದಿಲ್ಲ ಎಂದು ಇಟ್ಟುಬಿಟ್ಟರಂತೆ. ಅವರಿಗೆ ಏನು ಹೇಳಬೇಕೋ ತಿಳಿಯದೆ ಎರಡು ದಿನದಿಂದ ಸಂಡೂರಿನ ಬಸ್ಸು ಹತ್ತಲಾಗದೆ ಕೂತಿದ್ದೇನೆ ಎಂದರು. ಅವರ ಮುಖ ನೋಡಲಾಗಲಿಲ್ಲ. ನನ್ನಿಂದಲೇ ಒಂದು ಮನೆ ಒಡೆಯಿತಲ್ಲ ಎಂಬ ಸಂಕಟಕ್ಕೆ, ಒಬ್ಬ ಅಧಿಕಾರಿ ಆಡಬಾರದ ಮಾತು ಆಡಿದೆ. ಸರ್ಕಾರ ಮೇಲಿನ ಕೋರ್ಟಿಗೆ ಅಪೀಲು ಹೋಗುವ ಅವಕಾಶ ಇನ್ನೂ ಇದೆ, ಅಲ್ಲಿ ನೀವು, ಹಾವಿನ ವಿಷಯ ನಾನು ಹೇಳಿದ್ದಲ್ಲ, ದುಃಖದಲ್ಲಿ ಏನೋ ಅಂದದ್ದನ್ನು ಆಕೆ ತಪ್ಪಾಗಿ ಬರೆದುಕೊಂಡಿದ್ದಾಳೆ ಎಂದುಬಿಡಿ, ನಾನು ಎದುರಾಡುವುದಿಲ್ಲ ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಹೆಂಡತಿಗೆ ಹೇಳಬೇಕಾದ್ದು ಈಗ ಸಿಕ್ಕಿತು ಎನ್ನುವ ಹಾಗೆ ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, ಸಂಡೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಹೇಳಿದೆ. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಅವನು ಉಳೀಲಿ, ಸಾಯಲಿ, ಅದು ಕೋರ್ಟಿನ ಮಾತು ರೀ. ಆದರ ಆ ದಿನ ನನ್ನ ಮಗಳು ಇಪ್ಪತ್ತರ ತನಕ ಎಣಿಸ್ಕೊಂತ ಗದ್ದ್ಯಾಗ ಹೋಗ್ಯಾಳ. ಆಕಿ ಬದುಕಿದ್ದ ಆರ ವರ್ಷ. ಅದರಾಗ ಒಂದು ದಿನಾನೂ ಸುಳ್ಳು ಅನ್ನಾಕ ನನ್ನ ಕೈಲೆ ಆಗಂಗಿಲ್ರಿ."